ಬಾದಾಮಿ ಬೇಕಾ? ಕಲಾದಗಿ ಅಂತ ಹುಡುಕಿ

‘ಈಗ ಎಲ್ಲಾ ಆನ್‌ಲೈನ್‌ನಲ್ಲೇ ಇದೆ ಕಣ್ರೀ, ಹುಡುಕೋ ಆಸಕ್ತಿ ಇರಬೇಕು ಅಷ್ಟೇ.’ ಸಣ್ಣ ಊರುಗಳ ಮೇಷ್ಟ್ರುಗಳ ಬಗ್ಗೆ ಮಾತು ಬಂದಾಗಲೆಲ್ಲ ಬೆಂಗಳೂರಿನ ನನ್ನ ಗೆಳೆಯರ ಬಾಯಲ್ಲಿ ಬರೋ ಡೈಲಾಗ್ ಇದು. ಹೇಳುವವರು ಬಹುಪಾಲು ನನ್ನ ಹಾಗೇ ಲ್ಯಾಪ್‌ಟಾಪ್ ಮುಂದೆ ಕೂತು ಸಂಬಳ ತಗೊಳ್ಳೋರು. ಅವರಿಗೊಂದು ಸಣ್ಣ ಪರೀಕ್ಷೆ ಕೊಡ್ತೀನಿ.

ನೀವು ಹುನಗುಂದದ ಒಂದು ಹೈಸ್ಕೂಲಿನ ಇತಿಹಾಸದ ಮೇಷ್ಟ್ರು ಅಂದ್ಕೊಳ್ಳಿ. ಬಾದಾಮಿ, ಐಹೊಳೆಗಳ ಬಗ್ಗೆ ಪುರಾತತ್ವ ಸರ್ವೆಯವರು ಬರೆದ ಮೊದಮೊದಲ ವರದಿಯನ್ನು ಮಕ್ಕಳಿಗೆ ತೋರಿಸಬೇಕು. ಹುಡುಕಿ ನೋಡೋಣ.

ಅದು ಇದೆ, ಇಲ್ಲ ಅಂತಲ್ಲ. ಜೇಮ್ಸ್ ಬರ್ಜೆಸ್ 1874ರಲ್ಲಿ ಮಾಡಿದ ಸರ್ವೆಯ ವರದಿ. ಆದರೆ ಅದರ ಹೆಸರಿನಲ್ಲಿ ಬಾದಾಮಿಯೂ ಇಲ್ಲ, ಐಹೊಳೆಯೂ ಇಲ್ಲ. ಇರೋದು ‘ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳು’ ಅಂತ, ಅದೂ ಇಂಗ್ಲಿಷಿನಲ್ಲಿ. ಕಲಾದಗಿ ಅಂದ್ರೆ ಇವತ್ತು ನಮಗೆಲ್ಲ ಚಿಕ್ಕು, ದಾಳಿಂಬೆಯ ಊರು. ಆಗ ಅದು ಜಿಲ್ಲಾ ಕೇಂದ್ರ. ಆಮೇಲೆ ಕೇಂದ್ರ ವಿಜಾಪುರಕ್ಕೆ ಹೋಯಿತು. 1956ರವರೆಗೆ ಇಡೀ ಪ್ರದೇಶ ಮುಂಬೈ ಆಡಳಿತದಲ್ಲಿತ್ತು. ಬಾಗಲಕೋಟೆ ಜಿಲ್ಲೆಯಾಗಿದ್ದು 1997ರಲ್ಲಿ. ಹಾಗಾಗಿ ‘ಬಾಗಲಕೋಟೆ ಜಿಲ್ಲೆ’ ಅಂತ ಟೈಪ್ ಮಾಡುವ ಮೇಷ್ಟ್ರಿಗೆ 1997ಕ್ಕಿಂತ ಹಿಂದಿನ ಕಾಗದಪತ್ರ ಸಿಗೋದು ಕಷ್ಟ. ಅವರ ಆಸಕ್ತಿಗೂ ಇದಕ್ಕೂ ಏನೂ ಸಂಬಂಧ ಇಲ್ಲ.

ಇನ್ನು ಶಾಸನಗಳ ಕಥೆ. ‘ಎಪಿಗ್ರಾಫಿಯಾ ಕರ್ನಾಟಿಕಾ ನೋಡಿ, ಎಲ್ಲಾ ಇದೆ’ ಅಂತಾರೆ. ಇಲ್ಲ ಸ್ವಾಮಿ! ಲೂಯಿಸ್ ರೈಸ್ ಆ ಸಂಪುಟಗಳನ್ನು ತಂದಿದ್ದು ಮೈಸೂರು ಸಂಸ್ಥಾನ ಮತ್ತು ಕೊಡಗಿನ ಶಾಸನಗಳಿಗಾಗಿ. ನಮ್ಮ ಕಡೆಯವು ಚೆಲ್ಲಾಪಿಲ್ಲಿ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನವನ್ನು ಫ್ಲೀಟ್ 1881ರ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಮಾಡಿಸಿದರು. ಐಹೊಳೆಯ ಮೇಗುತಿಯಲ್ಲಿರುವ ಕ್ರಿ.ಶ. 634ರ ರವಿಕೀರ್ತಿಯ ಶಾಸನ ‘ಎಪಿಗ್ರಾಫಿಯಾ ಇಂಡಿಕಾ’ದ 6ನೇ ಸಂಪುಟದಲ್ಲಿದೆ. ಉಳಿದವು ಬೇಕಾದರೆ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ನ 11, 15, 18, 20ನೇ ಸಂಪುಟಗಳನ್ನು ತಡಕಬೇಕು. ಇದನ್ನೆಲ್ಲ ವಿಶ್ವವಿದ್ಯಾಲಯದಲ್ಲಿರೋ ಸಂಶೋಧಕರಿಗೆ ಗೈಡ್ ಹೇಳಿಕೊಡ್ತಾರೆ. ಇಳಕಲ್ಲಿನ ಉಪನ್ಯಾಸಕರಿಗೆ ಯಾರು ಹೇಳಬೇಕು? ಎರಡನೇ ಪುಲಕೇಶಿ ಹರ್ಷನನ್ನು ಸೋಲಿಸಿದ ಅಂತ ಪಾಠಪುಸ್ತಕದಲ್ಲಿ ಓದುವ ಹುನಗುಂದದ ಹುಡುಗಿಗೆ, ಆ ಮಾತನ್ನು ಕೆತ್ತಿದ ಕಲ್ಲು ತನ್ನದೇ ತಾಲ್ಲೂಕಿನಲ್ಲಿದೆ, ಅದರ ಭಾಷೆ ಸಂಸ್ಕೃತವಾದರೂ ಲಿಪಿ ಹಳಗನ್ನಡದ್ದು ಅಂತ ಯಾರು ತೋರಿಸಬೇಕು? ಯಾರೂ ತೋರಿಸದಿದ್ದರೆ ಆ ಜಾಗಕ್ಕೆ ವಾಟ್ಸಾಪ್ ಫಾರ್ವರ್ಡ್ ಬಂದು ಕೂರುತ್ತೆ. ಕೂತಿದೆ ಕೂಡ.

ನನ್ನ ತಕರಾರು ಇಷ್ಟೇ. ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡಿದ ಮಾತ್ರಕ್ಕೆ ಅದು ಗ್ರಂಥಾಲಯ ಆಗಲ್ಲ. ಅದು ಗೋದಾಮು. ಗೋದಾಮಿನ ಬಾಗಿಲು ತೆಗೆದಿಟ್ಟು ‘ಬಂದು ತಗೊಳ್ಳಿ’ ಅನ್ನೋದು ಔದಾರ್ಯ ಅಲ್ಲ, ಅರ್ಧ ಕೆಲಸ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿ ಸಾವಿರಾರು ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿದರು, ಸಂತೋಷ. ಆದರೆ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬಾಯಿಗೆ ಬಂದ ಹಾಗೆ ಟೈಪ್ ಮಾಡಿಟ್ಟರು. ಅವನ್ನು ಕನ್ನಡಕ್ಕೆ ತಂದು, ಕನ್ನಡದಲ್ಲೇ ಹುಡುಕೋ ಹಾಗೆ ಮಾಡಿದ್ದು ‘ಪುಸ್ತಕ ಸಂಚಯ’ದ ಸ್ವಯಂಸೇವಕರು.

ಪೂರ್ತಿ ಕೆಲಸ ಅಂದ್ರೆ ಹೇಗಿರುತ್ತೆ ಅನ್ನೋದಕ್ಕೆ ದೂರ ಹೋಗಬೇಕಿಲ್ಲ. ಬಸವಣ್ಣನವರ ಕೂಡಲಸಂಗಮ ಇರೋದೂ ಇದೇ ಹುನಗುಂದ ತಾಲ್ಲೂಕಿನಲ್ಲೇ. ‘ವಚನ ಸಂಚಯ’ಕ್ಕೆ ಹೋಗಿ ಒಂದು ಪದ ಕೊಡಿ, 20,000ಕ್ಕೂ ಹೆಚ್ಚು ವಚನಗಳಲ್ಲಿ ಅದು ಎಲ್ಲೆಲ್ಲಿದೆ ಅಂತ ಕನ್ನಡದಲ್ಲೇ ತೋರಿಸುತ್ತೆ. ಮೇಷ್ಟ್ರಿಗೂ ಸಂಶೋಧಕರಿಗೂ ಅಲ್ಲಿ ಒಂದೇ ಬಾಗಿಲು. ಅದಕ್ಕೂ ಹಿಂದೆ ಫ.ಗು. ಹಳಕಟ್ಟಿಯವರು ತಾಡವಾಲೆ ಕೂಡಿಹಾಕಿ ಸುಮ್ಮನೆ ಕೂತಿರಲಿಲ್ಲ. ನಕಲು ಮಾಡಿದರು, ವಿಂಗಡಿಸಿದರು, 1923ರಲ್ಲಿ ‘ವಚನಶಾಸ್ತ್ರಸಾರ’ ತಂದರು, ವಿಜಾಪುರದಲ್ಲಿ ಸ್ವಂತ ಮುದ್ರಣಾಲಯವನ್ನೂ ಹಾಕಿದರು.

ಇಳಕಲ್ ಸೀರೆ ನೇಯೋರಿಗೆ ಇದು ಚೆನ್ನಾಗಿ ಗೊತ್ತು. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆ ಎಳೆಗೂ ಕೊಂಡಿ ಹಾಕಿ ಸೇರಿಸದಿದ್ದರೆ ಸೀರೆ ಆಗೋದೇ ಇಲ್ಲ. ನಮ್ಮ ಡಿಜಿಟಲ್ ಸಂಗ್ರಹಗಳಲ್ಲಿ ಇಲ್ಲದಿರೋದು ಆ ಕೊಂಡಿ. ಪ್ರತಿ ಊರಿಗೆ ಕನ್ನಡದಲ್ಲಿ ಒಂದು ಪುಟ ಸಾಕು: ಹಳೆಯ ಹೆಸರುಗಳು, ಆಗಿದ್ದ ಜಿಲ್ಲೆ, ಶಾಸನ ಯಾವ ಸಂಪುಟದ ಯಾವ ಪುಟದಲ್ಲಿದೆ, ತಾತ್ಪರ್ಯ ಏನು. ಇದಕ್ಕೆ ಹೊಸ ಆ್ಯಪ್ ಬೇಡ, ಉದ್ಘಾಟನೆಯೂ ಬೇಡ.

ದುಡ್ಡೆಲ್ಲಿ ಅಂತೀರಾ? 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತೀವಿ. ನೀವೂ ಕಟ್ಟುತ್ತೀರಿ, ಊರಲ್ಲಿ ನಿಮ್ಮ ಅಪ್ಪ-ಅಮ್ಮನೂ ಕಟ್ಟುತ್ತಾರೆ. ಆ ದುಡ್ಡಲ್ಲಿ ಜಿಲ್ಲೆಗೊಬ್ಬ ಸೂಚಿಕಾರರನ್ನು ನೇಮಿಸಿ ಅಂತ ಕೇಳೋದು ನಮ್ಮ ಹಕ್ಕು. ಕೇಳೋವಷ್ಟು ಪುರುಸೊತ್ತು ನಮಗಿಲ್ಲ ಅಂದ್ರೆ, ಹುಡುಕೋವಷ್ಟು ಆಸಕ್ತಿ ಮೇಷ್ಟ್ರಿಗಿಲ್ಲ ಅನ್ನೋದನ್ನಾದರೂ ಬಿಡೋಣ.