ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಐಪಿ ಬ್ಲಾಕ್‌ಲಿಸ್ಟ್ ನ್ಯಾಯ

1/8
ಸೈಟ್ ಓಪನ್ ಆಗ್ಲಿಲ್ಲ ಅಂದ್ರೆ ನಮ್ಮ ಕಡೆ ಎಲ್ಲರೂ ಹೇಳೋದು ಒಂದೇ: "ನೆಟ್ ಇಲ್ಲ ಮಾರಾಯ, ಸ್ವಲ್ಪ ಗುಡ್ಡ ಹತ್ತು." ಸಂಸೆ, ಕಳಸ, ಕುದುರೆಮುಖದವರಿಗೆ ಇದು ಬಾಯಿಪಾಠ. ಆದ್ರೆ ಸಿಗ್ನಲ್ ಫುಲ್ ಇದೆ, ರೀಲ್ಸ್ ಓಡ್ತಿದೆ, ಫಾರ್ಮ್ ತುಂಬೋ ಸೈಟ್ ಮಾತ್ರ "ಆಕ್ಸೆಸ್ ಡಿನೈಡ್" ಅಂತಿದೆ. ಇಲ್ಲಾಂದ್ರೆ ಹತ್ತು ಸಲ "ಬಸ್ ಇರೋ ಚಿತ್ರ ಆರಿಸಿ" ಅಂತ ಪರೀಕ್ಷೆ ಮಾಡ್ತಿದೆ. ಆಗ ಗುಡ್ಡ ಹತ್ತಿ ಪ್ರಯೋಜನ ಇಲ್ಲ. ನಿಮ್ಮ ಐಪಿ ವಿಳಾಸ ಯಾವುದೋ ಕಪ್ಪುಪಟ್ಟಿಗೆ ಸೇರಿರಬಹುದು. ನೀವು ಏನೂ ತಪ್ಪು ಮಾಡದೇನೇ.
ಈ ಸರಣಿ ಇದರ ಬಗ್ಗೆ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

2/8
ಮೊದಲು ಲೆಕ್ಕ. ಹಳೇ ಪದ್ಧತಿಯ, ಅಂದ್ರೆ ಐಪಿವಿ4 ವಿಳಾಸಗಳು ಇಡೀ ಜಗತ್ತಿಗೆ ಇರೋದು ಸುಮಾರು 429 ಕೋಟಿ. ಹಂಚಲು ಉಳಿದಿದ್ದ ಕೊನೆಯ ದೊಡ್ಡ ಕಂತುಗಳು 2011ರ ಫೆಬ್ರವರಿಯಲ್ಲೇ ಖಾಲಿ. ಹಾಗಾಗಿ ಮೊಬೈಲ್ ಕಂಪನಿಗಳು ಒಂದೇ ವಿಳಾಸದ ಹಿಂದೆ ನೂರಾರು ಗ್ರಾಹಕರನ್ನು ಕೂರಿಸ್ತವೆ. ಇದಕ್ಕೆ ಸಿಜಿ-ನ್ಯಾಟ್ ಅಂತ ಹೆಸರು.
ಎಸ್ಟೇಟಿನ ಲೈನ್ ಮನೆ ಗೊತ್ತಲ್ಲ? ಹತ್ತಾರು ಸಂಸಾರ, ಕಾಗದ ಬರೋದು ಮಾತ್ರ ಒಂದೇ ಎಸ್ಟೇಟ್ ವಿಳಾಸಕ್ಕೆ. ನಮ್ಮ ಇಂಟರ್ನೆಟ್ ಕೂಡ ಈಗ ಹಾಗೇ. ಲೈನಿನ ಒಬ್ಬ ಅಂಗಡಿ ಸಾಲ ಕಟ್ಟಿಲ್ಲ ಅಂತ ಇಡೀ ಲೈನಿಗೆ ಅಕ್ಕಿ ಕೊಡಲ್ಲ ಅಂದ್ರೆ ನಾವು ಸುಮ್ಮನೆ ಇರ್ತೀವಾ? ನೆಟ್‌ನಲ್ಲಿ ದಿನಾ ಸುಮ್ಮನೆ ಇದ್ದೀವಿ.

3/8
ಪಟ್ಟಿಗಳೇ ಬೇಡ ಅಂತ ನಾನು ಹೇಳ್ತಿಲ್ಲ. ಅವು ಇಲ್ಲದಿದ್ರೆ ನಮ್ಮ ಇನ್‌ಬಾಕ್ಸ್ ಲಾಟರಿ ಗೆದ್ದ ಮೇಲ್‌ಗಳಿಂದ ತುಂಬಿ ಹೋಗ್ತಿತ್ತು. 1998ರಲ್ಲಿ ಶುರುವಾದ ಸ್ಪಾಮ್‌ಹೌಸ್ ಈ ಕೆಲಸದಲ್ಲಿ ದೊಡ್ಡ ಹೆಸರು. ಅವರದ್ದು ಒಂದೇ ಪಟ್ಟಿ ಅಲ್ಲ, ವ್ಯತ್ಯಾಸ ತಿಳ್ಕೊಳ್ಳಿ.
ಎಸ್‌ಬಿಎಲ್: ಸ್ಪಾಮ್ ಕಳಿಸೋರ ಪಟ್ಟಿ.
ಎಕ್ಸ್‌ಬಿಎಲ್: ವೈರಸ್ ಹೊಕ್ಕ ಸಾಧನಗಳು ಹೊರಗೆ ಬರೋ ವಿಳಾಸಗಳ ಪಟ್ಟಿ.
ಪಿಬಿಎಲ್: ಮನೆ, ಮೊಬೈಲ್ ಕನೆಕ್ಷನ್‌ನಂಥ ವಿಳಾಸಗಳು. ಇಲ್ಲಿಂದ ನೇರವಾಗಿ ಮೇಲ್ ಸರ್ವರ್ ನಡೆಸಬಾರದು ಅನ್ನೋ ನಿಯಮ ಅಷ್ಟೇ. ಇದರಲ್ಲಿ ನಿಮ್ಮ ವಿಳಾಸ ಇದ್ರೆ ಅದು ಆರೋಪ ಅಲ್ಲ.
ಮೇಲ್ ಸರ್ವರ್‌ಗಾಗಿ ಮಾಡಿದ ಇಂಥ ಪಟ್ಟಿಯನ್ನ ತಂದು ವೆಬ್‌ಸೈಟ್ ಬಾಗಿಲಿಗೆ ಬೀಗದ ಥರ ಹಾಕೋದು ತಪ್ಪು. ನನ್ನ ಜಗಳ ಅದರ ಜೊತೆ.

4/8
"ಯಾರೋ ಕಿತಾಪತಿ ಮಾಡಿರ್ತಾರೆ, ಅದಕ್ಕೇ ಬ್ಲಾಕ್" ಅಂತೀರಾ? ಹೌದು, ಮಾಡಿರ್ತಾರೆ. ಎಷ್ಟೋ ಸಲ ಮಾಡಿದವರಿಗೇ ಗೊತ್ತಿರಲ್ಲ. 2024ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯ ಇಲಾಖೆ '911 ಎಸ್5' ಅನ್ನೋ ಜಾಲವನ್ನ ಮುರಿಯಿತು. ಫ್ರೀ ವಿಪಿಎನ್ ಅಂತ ಜನ ಹಾಕ್ಕೊಂಡ ಆ್ಯಪ್‌ಗಳ ಮೂಲಕ ಅವರ ಕಂಪ್ಯೂಟರ್ ಒಳಗೆ ಹೊಕ್ಕು, ಅವರ ಐಪಿಯನ್ನೇ ವಂಚಕರಿಗೆ ಬಾಡಿಗೆಗೆ ಕೊಡ್ತಿದ್ರು. ಒಟ್ಟು 1.9 ಕೋಟಿ ಐಪಿ ವಿಳಾಸ, ಸುಮಾರು 200 ದೇಶಗಳಲ್ಲಿ.
ಅಂದ್ರೆ ಬ್ಲಾಕ್ ತಪ್ಪಿಸೋಕೆ ಅಂತ ಸಿಕ್ಕ ಸಿಕ್ಕ ಫ್ರೀ ವಿಪಿಎನ್ ಹಾಕೋದು ಬೆಂಕಿ ಆರಿಸೋಕೆ ಸೀಮೆಎಣ್ಣೆ ಸುರಿದ ಹಾಗೆ. ಒಬ್ಬರ ಫೋನ್ ಕೆಟ್ರೆ ಅದೇ ವಿಳಾಸದ ಹಿಂದಿರೋ ಅಷ್ಟೂ ಜನರ ಹೆಸರು ಕೆಡುತ್ತೆ.

5/8
ಇದು ಬರೀ ನಮ್ಮೂರಿನ ಗೋಳಲ್ಲ. 2007ರ ಹೊಸ ವರ್ಷದ ಹೊತ್ತಿಗೆ ವಿಕಿಪೀಡಿಯ ಒಂದೇ ಒಂದು ಐಪಿಯನ್ನ ಬ್ಲಾಕ್ ಮಾಡಿತು. ನೋಡಿದ್ರೆ ಕತಾರ್ ದೇಶದ ಹೆಚ್ಚುಕಮ್ಮಿ ಎಲ್ಲ ಇಂಟರ್ನೆಟ್ ಹೊರಗೆ ಬರ್ತಿದ್ದದ್ದು ಆ ವಿಳಾಸದಿಂದಲೇ! ಲಾಗಿನ್ ಇಲ್ಲದೆ ತಿದ್ದೋಕೆ ಹೋದ ಇಡೀ ದೇಶದವರಿಗೆ ಬಾಗಿಲು ಬಂದ್. ಸುದ್ದಿಯಾದ ಮೇಲೆ ಬೇಗ ತೆಗೆದ್ರು. ದೇಶಕ್ಕಾದ್ರೆ ಸುದ್ದಿ ಆಗುತ್ತೆ. ಸಂಸೆಗಾದ್ರೆ?
ನಮ್ಮಲ್ಲಿ ನೇತ್ರಾವತಿ, ಕುದುರೆಮುಖ ಚಾರಣಕ್ಕೆ ಬರೋರನ್ನ ನಂಬಿ ಹೋಂಸ್ಟೇ ನಡೆಸೋರು ಎಷ್ಟು ಜನ ಇದ್ದಾರೆ. ಕಡಿಮೆ ದುಡ್ಡಿನ ಹೋಸ್ಟಿಂಗ್ ತಗೊಂಡ್ರೆ ಅಲ್ಲೂ ಒಂದೇ ಐಪಿಯಲ್ಲಿ ನೂರಾರು ಸೈಟ್. ಪಕ್ಕದ ಸೈಟಿನವ ಸ್ಪಾಮ್ ಕಳಿಸಿದ್ರೆ ಇವರ ಬುಕಿಂಗ್ ಮೇಲ್ ಅತಿಥಿಯ ಸ್ಪಾಮ್ ಫೋಲ್ಡರ್‌ಗೆ ಬೀಳುತ್ತೆ. "ಉತ್ತರವೇ ಕೊಟ್ಟಿಲ್ಲ" ಅಂತ ಅತಿಥಿ ಬೇರೆ ಕಡೆ ಹೋಗ್ತಾರೆ. ಸೀಸನ್ ಹೋಗುತ್ತೆ, ಕಾರಣ ಗೊತ್ತೇ ಆಗಲ್ಲ.

6/8
ಬಿಕಾಂನವರೇ, ಇಲ್ಲಿ ಗಮನ ಕೊಡಿ. ನಿಮ್ಮ ಸಾಲದ ದಾಖಲೆ ಇಡೋ ಸಿಬಿಲ್‌ಗೆ 2005ರ ಕಾಯ್ದೆ ಇದೆ. ವರ್ಷಕ್ಕೊಮ್ಮೆ ವರದಿ ಉಚಿತ. ತಪ್ಪು ಇದೆ ಅಂತ ದೂರು ಕೊಟ್ರೆ 30 ದಿನದಲ್ಲಿ ಸರಿ ಮಾಡ್ಬೇಕು, ತಡ ಆದ್ರೆ ದಿನಕ್ಕೆ ₹100 ಪರಿಹಾರ. ಇದು 2023ರ ಆರ್‌ಬಿಐ ಆದೇಶ.
ಐಪಿ ಪಟ್ಟಿಗೆ? ಹಾಕುವಾಗ ನಿಮಗೆ ನೋಟಿಸ್ ಇಲ್ಲ. ಕಾರಣ ಹೇಳಲ್ಲ. ಗಡುವಿಲ್ಲ, ಪರಿಹಾರವಂತೂ ದೂರದ ಮಾತು. ಸಿಬಿಲ್ ನಿಮ್ಮ ಸಾಲಕ್ಕೆ ನಿಮ್ಮನ್ನ ಕೇಳುತ್ತೆ, ಇಲ್ಲಿ ಪಕ್ಕದ ಮನೆಯವನ ಸಾಲಕ್ಕೆ ನಿಮ್ಮನ್ನ ಹಿಡೀತಾರೆ. ಹೊರಗೆ ಬರೋ ಅರ್ಜಿ ಹಾಕೋಣ ಅಂದ್ರೆ ಆ ವಿಳಾಸ ನಿಮ್ಮದಲ್ಲ, ಕಂಪನಿಯದ್ದು. ಶಿಕ್ಷೆ ನಿಮಗೆ, ಅಪೀಲು ಹಾಕೋ ಹಕ್ಕು ಇನ್ಯಾರಿಗೋ. ಇದ್ಯಾವ ನ್ಯಾಯ?

7/8
ಹಾಗಾದ್ರೆ ಎಂತ ಮಾಡೋದು? ಸೇವ್ ಮಾಡ್ಕೊಳ್ಳಿ.
• ನಿಮ್ಮ ಐಪಿ ನೋಡಿ, ಸ್ಪಾಮ್‌ಹೌಸ್‌ನ ಪರಿಶೀಲನೆ ಪುಟದಲ್ಲಿ ಹಾಕಿ. ಯಾವ ಪಟ್ಟಿ ಅಂತ ನೋಡಿ. ಪಿಬಿಎಲ್ ಮಾತ್ರ ಇದ್ರೆ ಗಾಬರಿ ಬೇಡ.
• ಎಕ್ಸ್‌ಬಿಎಲ್ ಇದ್ರೆ ಮೊದಲು ಫೋನ್, ಲ್ಯಾಪ್‌ಟಾಪ್, ರೂಟರ್ ಸ್ವಚ್ಛ ಮಾಡಿ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದಲ್ಲಿ ಉಚಿತ ಟೂಲ್‌ಗಳಿವೆ. ಆಮೇಲೆ ತೆಗೆಯೋಕೆ ಕೇಳಿ. ಸ್ವಚ್ಛ ಮಾಡದೆ ಕೇಳಿದ್ರೆ ಮತ್ತೆ ಸೇರಿಸ್ತಾರೆ.
• ಎಸ್‌ಬಿಎಲ್ ಆದ್ರೆ ನೀವು ಕೇಳಿ ಆಗಲ್ಲ, ಕಂಪನಿಯೇ ಕೇಳ್ಬೇಕು. ಹೋಂಸ್ಟೇಯವರು ಹೋಸ್ಟಿಂಗ್ ಕಂಪನಿಗೆ ಹೇಳಿ.
• ಸ್ಪಾಮ್‌ಹೌಸ್ ಹೆಸರು ತೆಗೆಯೋಕೆ ದುಡ್ಡು ತಗೊಳ್ಳಲ್ಲ. "ಐದು ಸಾವಿರ ಕೊಡಿ, ತೆಗೆಸ್ತೀನಿ" ಅನ್ನೋರನ್ನ ದೂರ ಇಡಿ. ಯುಸಿಇಪ್ರೊಟೆಕ್ಟ್ ಥರದ ಪಟ್ಟಿ ಬೇಗ ತೆಗೆಯೋಕೆ ಶುಲ್ಕ ಕೇಳುತ್ತೆ. ಆದ್ರೆ ಸ್ಪಾಮ್ ನಿಂತು 7 ದಿನ ಆದ್ರೆ ಅಲ್ಲೂ ತಾನಾಗೇ ಹೋಗುತ್ತೆ.
• ಮೊಬೈಲ್ ಕಂಪನಿಗೆ ದೂರು ಕೊಟ್ಟು ನಂಬರ್ ಬರ್ಕೊಳ್ಳಿ. ಪರಿಹಾರ ಸಿಗದಿದ್ರೆ ಮೇಲ್ಮನವಿ ಪ್ರಾಧಿಕಾರಕ್ಕೆ ಹಾಕಿ. ಟ್ರಾಯ್‌ನ 2012ರ ನಿಯಮದಲ್ಲಿ ಈ ದಾರಿ ಇದೆ, ಶುಲ್ಕ ಇಲ್ಲ.

8/8
ಇದನ್ನ ಓದ್ತಿರೋರಲ್ಲಿ ನಾಳೆ ಸೈಟ್ ಕಟ್ಟೋರು, ಸ್ಟಾರ್ಟಪ್ ಮಾಡೋರು ಇದ್ದೀರಿ. ನಿಮಗೆ ಮೂರೇ ಮಾತು. ಬ್ಲಾಕ್ ಮಾಡೋದಾದ್ರೆ ತಪ್ಪು ಮಾಡಿದ ಖಾತೆಯನ್ನ ಮಾಡಿ, ಇಡೀ ವಿಳಾಸವನ್ನಲ್ಲ. ವಿಳಾಸವನ್ನೇ ತಡೀಲೇಬೇಕಾದ್ರೆ ಅದಕ್ಕೊಂದು ಕೊನೆ ದಿನ ಇಡಿ. "ಆಕ್ಸೆಸ್ ಡಿನೈಡ್" ಪುಟದಲ್ಲಿ ಕಾರಣ, ಮನುಷ್ಯರು ಎತ್ತೋ ಒಂದು ಫೋನ್ ನಂಬರ್ ಹಾಕಿ. ಅರ್ಜಿಗೆ ಕೊನೇ ದಿನಾಂಕ ಇರೋ ಸೈಟ್‌ಗಳಂತೂ ಇದನ್ನ ಮಾಡಲೇಬೇಕು. ಬೆಂಗಳೂರಿನವರು ಇನ್ನೊಂದು ವೈಫೈ ಹುಡುಕ್ಕೊಳ್ತಾರೆ. ಇಲ್ಲಿ ಇನ್ನೊಂದು ನೆಟ್‌ವರ್ಕ್ ಬೇಕಂದ್ರೆ ಬಸ್ ಹತ್ಬೇಕು.
ಕಳ್ಳನನ್ನ ಹಿಡೀರಿ, ಬೇಡ ಅಂದವರು ಯಾರು? ಊರಿಗೇ ಬೀಗ ಹಾಕಿ "ಭದ್ರತೆ" ಅನ್ನಬೇಡಿ.
ನಿಮಗೂ ಹೀಗೆ ಆಗಿದ್ರೆ ಯಾವ ಊರು, ಯಾವ ನೆಟ್‌ವರ್ಕ್ ಅಂತ ಕಾಮೆಂಟ್ ಹಾಕಿ. ಐಪಿ ನಂಬರ್ ಮಾತ್ರ ಹಾಕಬೇಡಿ.

#ಸಂಸೆ #ಕಳಸ #ಮಲೆನಾಡು #ಬಿಕಾಂಹುಡುಗರು #ಐಪಿಬ್ಲಾಕ್‌ಲಿಸ್ಟ್