ಚಕ್ರ ಅಗಲವಾದರೆ ಕಾವಲು ರಸ್ತೆಯಾಗದು

ಕಾರಿನ ಉಕ್ಕಿನ ರಿಮ್ಮನ್ನು ಸೀಳಿ, ನಡುವೆ ಪಟ್ಟಿಯೊಂದನ್ನು ಬೆಸೆದು ಚಕ್ರವನ್ನು ಅಗಲಗೊಳಿಸುವವರು ತಮ್ಮ ಮೋಜಿಗೆ ಪರಿಸರದ ಸಮರ್ಥನೆಯನ್ನೂ ಕೊಡುತ್ತಾರೆ: ಅಗಲ ಚಕ್ರ ಭಾರವನ್ನು ಹಂಚುವುದರಿಂದ ನೆಲಕ್ಕೆ ನೋವಿಲ್ಲವಂತೆ! ಇದು ಅರ್ಧಸತ್ಯ. ಗಾಳಿ ಇಳಿಸಿದ ಅಗಲ ಟಯರು ಮೇಲ್ಮಣ್ಣನ್ನು ಕಡಿಮೆ ಒತ್ತುವುದು ನಿಜ. ಆದರೆ ಕೆಳಮಣ್ಣು ಬಿಗಿಯುವುದು ಮುಖ್ಯವಾಗಿ ಅಚ್ಚಿನ ಮೇಲಿನ ಒಟ್ಟು ಭಾರದಿಂದ. ರಿಮ್ ಹಿಗ್ಗಿದರೆ ಆ ಭಾರ ಕುಗ್ಗದು. ಜಾಡು ಅಗಲವಾದಷ್ಟೂ ತುಳಿತಕ್ಕೆ ಸಿಗುವ ಹುಲ್ಲೂ ಹೆಚ್ಚು.

ಮಲೆನಾಡಿನ ಗುಡ್ಡಗಳಲ್ಲಿ ಜೀಪಿನ ಜಾಡು ಕೊರಕಲಾಗುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಚಳ್ಳಕೆರೆ, ಮೊಳಕಾಲ್ಮೂರಿನ ಬಯಲುಸೀಮೆಯಲ್ಲಿ ಪರಿಣಾಮ ಇನ್ನೂ ಕಠೋರ. ಅಲ್ಲಿ ಮಳೆಯೇ ಅಪರೂಪ. ಬಿಗಿದ ಕೆಂಪು ಮಣ್ಣು ಬಂದ ನೀರನ್ನೂ ಹೀರಲಾರದು. ಚಳ್ಳಕೆರೆಯ ಅಮೃತಮಹಲ್ ಕಾವಲುಗಳು ಪಾಳುನೆಲವಲ್ಲ. ಮೈಸೂರು ಅರಸರ ಕಾಲದಿಂದ ದನಗಳಿಗೆ ಮೀಸಲಾದ, ಕುರಿಗಾಹಿಗಳನ್ನೂ ಕೃಷ್ಣಮೃಗಗಳನ್ನೂ ಪೊರೆದ ಹುಲ್ಲುಗಾವಲುಗಳವು. ಅವುಗಳ ಸಾವಿರಾರು ಎಕರೆ ಈಗಾಗಲೇ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಗಿದೆ. ಉಳಿದುದನ್ನು ಸವಾರಿಯ ಮೈದಾನವಾಗಿಸುವುದೆಂದರೆ ಕುರಿಗಾಹಿಯ ತುತ್ತನ್ನು ಕಸಿದಂತೆ.

ಬೆಸೆದ ರಿಮ್ ಬಿರುಕು ಬಿಟ್ಟರೆ ಸವಾರನ ಜೀವಕ್ಕೂ ಅಪಾಯ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಅಕ್ರಮ ಮಾರ್ಪಾಡೊಂದಕ್ಕೆ 5,000 ರೂಪಾಯಿ ದಂಡ, 6 ತಿಂಗಳವರೆಗಿನ ಸೆರೆ ಅಥವಾ ಎರಡನ್ನೂ ವಿಧಿಸಿದೆ.

ಆದರೆ ಕಾನೂನು ರಸ್ತೆಯಲ್ಲಿ ತಡೆದೀತು, ಕಾವಲಿನಲ್ಲಿ ತಡೆಯುವವರಾರು? ಕಾವಲಂಚಿನ ಹಳ್ಳಿಗಳೇ ಗ್ರಾಮಸಭೆ ಸೇರಿ ನಿರ್ಣಯಿಸಲಿ: ಹುಲ್ಲಿನ ಮೇಲೆ ಮೋಜಿನ ಚಕ್ರ, ಅಗಲವಾದುದಿರಲಿ ಕಿರಿದಾದುದಿರಲಿ, ಉರುಳಕೂಡದು.