ಸಾರವೂ ಅವರಿಗೆ, ಗಸಿಯೂ ಅವರಿಗೆ!



2025ರ ಸುಗ್ಗಿಯನ್ನು ಮರೆಯಲಾದೀತೆ? ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂ. ಹಾವೇರಿ, ದಾವಣಗೆರೆ ಕಡೆ ಮಾರುಕಟ್ಟೆಗೆ ಚೀಲ ಒಯ್ದವರಿಗೆ 2,000 ರೂ. ಸಹ ಹುಟ್ಟಲಿಲ್ಲ. ‘ಜೋಳ ಬೆಳೀರಿ, ಎಥನಾಲ್ ಮಾಡ್ತೀವಿ, ಒಳ್ಳೆ ಬೆಲೆ ಬರುತ್ತೆ’ ಅಂದವರು ಮುಖ ತಿರುಗಿಸಿದರು. ಸೊಸೈಟಿ ಸಾಲ ಮಾತ್ರ ಮುಖ ತಿರುಗಿಸಲಿಲ್ಲ.

ಕಾರ್ಖಾನೆಯವರನ್ನು ಕೇಳಿದರೆ ‘ನಮಗೆ ಗಿಟ್ಟೋದಿಲ್ಲ’ ಅಂತಾರೆ. ಸರಿ, ಲೆಕ್ಕ ಹಾಕೋಣ. ಒಂದು ಕ್ವಿಂಟಾಲ್ ಜೋಳಕ್ಕೆ ಸುಮಾರು 38 ಲೀಟರ್ ಎಥನಾಲ್. 2024-25ರಲ್ಲಿ ತೈಲ ಕಂಪನಿಗಳ ಖರೀದಿ ದರ ಲೀಟರಿಗೆ 71 ರೂ. 86 ಪೈಸೆ. ಒಟ್ಟು ಸುಮಾರು 2,700 ರೂ. ಜೋಳದ ಬೆಲೆ, ಉರುವಲು, ಕೂಲಿ, ಬಡ್ಡಿ ಎಲ್ಲಾ ಇದರಲ್ಲೇ ಆಗಬೇಕೆಂದರೆ ಅವರ ಮಾತು ನಿಜವೆನಿಸುತ್ತದೆ. ಆದರೆ ಈ ಲೆಕ್ಕಕ್ಕೆ ಒಂದು ಒಳಜೇಬಿದೆ.

ಎಥನಾಲ್ ಆಗುವುದು ಕಾಳಿನ ಪಿಷ್ಟ ಮಾತ್ರ. ಪ್ರೋಟೀನು, ಎಣ್ಣೆ, ನಾರು ಗಸಿಯಲ್ಲಿ ಉಳಿಯುತ್ತವೆ. ಕ್ವಿಂಟಾಲಿಗೆ ಸುಮಾರು 30 ಕೆ.ಜಿ. ಒಣಗಿಸಿದರೆ ಅದೇ ಡಿಡಿಜಿಎಸ್ ಎಂಬ ಪಶು ಆಹಾರ, ಕೋಳಿ ಆಹಾರ. ಎಣ್ಣೆ ಬೇರ್ಪಡಿಸಿದರೆ ಬಯೋಡೀಸೆಲ್. ಹುದುಗುವಾಗ ಏಳುವ ಅನಿಲವನ್ನು ಹಿಡಿದಿಟ್ಟರೆ ಸೋಡಾ, ತಂಪುಪಾನೀಯದವರು ಕೊಳ್ಳುತ್ತಾರೆ. ನಾವು ಒಂದು ಮಾಲು ಮಾರುತ್ತೇವೆ, ಅವರು ನಾಲ್ಕು ಮಾರಬಹುದು!

ಈ ವಿದ್ಯೆಯಲ್ಲಿ ಪಳಗಿದ ದೇಶ ಅಮೆರಿಕ. ಅಲ್ಲೂ ದೊಡ್ಡ ಕಂಪನಿಗಳ ದರ್ಬಾರು ಇದೆ. ಆದರೆ 1990ರ ದಶಕದಲ್ಲಿ ಮಿನ್ನೆಸೋಟ ರಾಜ್ಯದ ರೈತರು, ‘ಕಾಳು ಮಾರಿ ಕೈಕಟ್ಟಿ ಕೂರಬಾರದು’ ಎಂದು ಷೇರು ಹಾಕಿ ಸರ್ಕಾರದ ಸಹಾಯಧನದೊಡನೆ ತಮ್ಮವೇ ಎಥನಾಲ್ ಕಾರ್ಖಾನೆಗಳನ್ನು ಕಟ್ಟಿದರು. ಅಯೋವಾ ರಾಜ್ಯದ ಗಾಲ್ವ ಎಂಬ ಸಣ್ಣ ಊರಿನಲ್ಲಿ ರೈತರದೇ ಕಾರ್ಖಾನೆ 2014ರಲ್ಲಿ ಕಾಳಿನ ನಾರಿನಿಂದಲೂ ಎಥನಾಲ್ ತೆಗೆಯಿತು. ಗಸಿಯ ಲಾಭವೂ ಷೇರುದಾರ ರೈತನ ಮನೆಗೆ ಹೋಗುವ ದಾರಿ ಅದು.

ನಮ್ಮಲ್ಲಿ? ಗಸಿಯ ಲಾಭ ನಮಗಿಲ್ಲ, ಪೆಟ್ಟು ಮಾತ್ರ ನಮಗೇ. ಅಗ್ಗದ ಡಿಡಿಜಿಎಸ್ ಬಂದಂತೆ ಸೋಯಾ ಹಿಂಡಿಯ ಬೆಲೆ ಕುಸಿಯುತ್ತದೆ, ಅದರ ಬಿಸಿ ಸೋಯಾ ಬೆಳೆದವನಿಗೇ ತಟ್ಟುತ್ತದೆ. ಹಸು ಕಟ್ಟಿದವರೂ ಎಚ್ಚರವಿರಬೇಕು. ಬೂಸಲು ಹಿಡಿದ ಕಾಳಿನ ವಿಷ ಬಟ್ಟಿ ಇಳಿಸಿದರೂ ಸಾಯುವುದಿಲ್ಲ, ಗಸಿಯಲ್ಲಿ ಸುಮಾರು ಮೂರು ಪಟ್ಟು ಸಾಂದ್ರವಾಗುತ್ತದೆ. ಪರೀಕ್ಷೆ ಮಾಡಿಸದ ಮಾಲನ್ನು ಅಗ್ಗವೆಂದು ಕೊಟ್ಟಿಗೆಗೆ ತರಬೇಡಿ.

ನಾವು ಕೇಳುತ್ತಿರುವುದು ಹೊಸ ನ್ಯಾಯವಲ್ಲ. ಸಕ್ಕರೆಯ ಜೊತೆ ಕಾಕಂಬಿ, ಬಗಾಸುಗಳ ಆದಾಯವನ್ನೂ ಸೇರಿಸಿ ನೂರಕ್ಕೆ 70 ಪಾಲು ಕಬ್ಬಿಗೆ ಸಲ್ಲಬೇಕೆಂದು 2012ರಲ್ಲಿ ರಂಗರಾಜನ್ ಸಮಿತಿಯೇ ಹೇಳಿತು. 2013ರಲ್ಲಿ ಕರ್ನಾಟಕ ಕಬ್ಬಿನ ಆದಾಯ ಹಂಚಿಕೆಗೆ ಕಾನೂನನ್ನೂ ಮಾಡಿತು. ಕಬ್ಬಿಗೆ ಒಪ್ಪಿದ ತತ್ವ ಜೋಳಕ್ಕೆ ಯಾಕೆ ಬೇಡ?

ಆದ್ದರಿಂದ ನಮ್ಮ ಬೇಡಿಕೆ ಮೂರು. ಎಥನಾಲ್ ಕಾರ್ಖಾನೆ ಬೆಂಬಲ ಬೆಲೆಗೆ ಕಡಿಮೆ ಜೋಳ ಕೊಳ್ಳಬಾರದು. ಗಸಿ, ಎಣ್ಣೆ, ಅನಿಲದ ಆದಾಯದ ಲೆಕ್ಕ ಬಹಿರಂಗವಾಗಬೇಕು, ಅದರಲ್ಲಿ ನಮಗೆ ಪಾಲು ಬೇಕು. ರೈತರ ಸಹಕಾರಿ ಕಾರ್ಖಾನೆ ಕಟ್ಟಲು ಮುಂದಾದರೆ ಉದ್ಯಮಿಗೆ ಸಿಗುವ ಬಡ್ಡಿ ರಿಯಾಯಿತಿ ನಮಗೂ ಸಿಗಬೇಕು.

ಮುಂದಿನ ಬಾರಿ ‘ಗಿಟ್ಟೋದಿಲ್ಲ’ ಅಂದವರನ್ನು ಸುಮ್ಮನೆ ಬಿಡಬೇಡಿ. ‘ಸ್ವಾಮಿ, ಗಸಿ ಎಷ್ಟಕ್ಕೆ ಮಾರಿದಿರಿ?’ ಅಂತ ಕೇಳಿ.